ಹೊಳೆಯ ದಂಡೆಯ ಊಟ

ಬೆಂಗಳೂರಿಗೆ ಎಲ್ಲವೂ ಉಂಟು. ಹೊಳೆಯೊಂದು ಮಾತ್ರ ಇಲ್ಲ. ಊರನ್ನು ಕಟ್ಟಿದವರು ಅದನ್ನು ದಿಣ್ಣೆಯ ಮೇಲೆ ಕಟ್ಟಿ, ನೀರಿನ ಕೊರತೆಯನ್ನು ಕೆರೆಗಳಿಂದ ತುಂಬಿಕೊಂಡರು. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ಊರಿನ ಮಗ್ಗುಲಲ್ಲಿ ಹಾದುಹೋಗುವುದೇ ಹೊರತು ಒಳಕ್ಕೆ ಕಾಲಿಡುವುದಿಲ್ಲ. ವೃಷಭಾವತಿ ಊರೊಳಗೇ ಹುಟ್ಟಿ ಹರಿಯುವುದೇನೋ ನಿಜ. ಆದರೆ ಅದರ ದಂಡೆಯ ಮೇಲೆ ಎಲೆ ಹಾಕಿಕೊಂಡು ಕೂರುವ ಧೈರ್ಯ ಈಗ ಯಾರಿಗೂ ಇಲ್ಲ. ಊರು ಹೊಳೆಯ ಬಳಿಗೆ ಹೋಗದಿದ್ದಾಗ ಹೊಳೆಯನ್ನೇ ಊರಿಗೆ ಕರೆತರಬೇಕಾಯಿತು. ೧೯೭೪ರಲ್ಲಿ ಕಾವೇರಿಯ ನೀರು ಮೊದಲ ಬಾರಿಗೆ ಬೆಂಗಳೂರಿನ ನಲ್ಲಿಗೆ ಇಳಿಯಿತು. ಸುಮಾರು ೧೦೦ ಕಿಲೋಮೀಟರು ದೂರದ ತೊರೆಕಾಡನಹಳ್ಳಿಯಿಂದ ಹೊರಟು, ಯಂತ್ರಗಳ ಹೆಗಲೇರಿ, ಹೆಚ್ಚುಕಡಮೆ ಅರ್ಧ ಕಿಲೋಮೀಟರಿನಷ್ಟು ಎತ್ತರವನ್ನು ಹತ್ತಿ ಬರುವ ಆ ನೀರನ್ನು ಊರಿನ ಗೃಹಿಣಿಯರು ಬಿಂದಿಗೆಯಲ್ಲಿ ಹಿಡಿದು ಒಳಗಿಡುತ್ತಾರೆ. ಹೊಳೆಯನ್ನು ಕುಡಿದವರು ಲಕ್ಷಾಂತರ ಮಂದಿ. ಹೊಳೆಯ ಎದುರಿಗೆ ಕುಳಿತು ಒಂದು ತುತ್ತು ಉಂಡವರು ಎಷ್ಟು ಮಂದಿ?

ಹೆಬ್ಬಾಳದಿಂದ ಯಲಹಂಕದ ಕಡೆಗೆ ಹೋಗುವ ಹಾದಿಯಲ್ಲಿ, ಕೊಡಿಗೇಹಳ್ಳಿಗೆ ತಗುಲಿಕೊಂಡಂತೆ ಇರುವ ಬಡಾವಣೆ ಸಹಕಾರನಗರ. ಬಡಾವಣೆಗಳಿಗೆ ಹೆಸರಿಡುವವರು ಸಾಮಾನ್ಯವಾಗಿ ದೇವರನ್ನೋ ರಾಜಕಾರಣಿಗಳನ್ನೋ ನೆನೆಯುತ್ತಾರೆ. ಇಲ್ಲಿ ಮಾತ್ರ ಒಂದು ತತ್ತ್ವವನ್ನು ನೆನೆದಿದ್ದಾರೆ. ಗದಗಿನ ಬಳಿಯ ಕಣಗಿನಹಾಳದಲ್ಲಿ ೧೯೦೫ರಲ್ಲಿ ನಾಡಿನ ಮೊದಲ ಸಹಕಾರ ಸಂಘ ಹುಟ್ಟಿತು. ಅಲ್ಲಿಂದೀಚೆಗೆ ಕನ್ನಡಿಗರು ಸಹಕಾರದಿಂದ ಸಾಲ ಪಡೆದರು, ಹಾಲು ಮಾರಿದರು, ನಿವೇಶನ ಕೊಂಡರು, ಮನೆ ಕಟ್ಟಿದರು. ಆದರೆ ಪಂಡಿತರನ್ನು ಕೇಳಿದರೆ ಈ ಪದಕ್ಕೆ ಇನ್ನೊಂದು ಅರ್ಥವನ್ನು ಹೇಳುತ್ತಾರೆ. ಸಂಸ್ಕೃತದ ಕೋಶಗಳಲ್ಲಿ ಸಹಕಾರವೆಂದರೆ ಘಮಘಮಿಸುವ ಮಾವಿನ ಮರ. ಕಾವ್ಯದ ಕೋಗಿಲೆ ಕೂರುವುದು ಈ ಸಹಕಾರದ ಮೇಲೆಯೇ ಹೊರತು ಸಂಘದ ಕಚೇರಿಯ ಮೇಲಲ್ಲ.

ಅಂಥ ಸಹಕಾರನಗರದ ಒಂದು ಮನೆಯ ಮಾತು ಇದು. ಮನೆಯ ಹೆಸರು ಬೇಡ. ಅಂಥ ಮನೆ ಪ್ರತಿಯೊಂದು ಅಡ್ಡರಸ್ತೆಯಲ್ಲಿಯೂ ಇದೆ. ಎಪ್ಪತ್ತೆಂಟು ದಾಟಿದ ಅಜ್ಜಿ, ನೌಕರಿಯಲ್ಲಿರುವ ಮಗ, ಸೊಸೆ, ಇಬ್ಬರು ಮಕ್ಕಳು. ಈಚೆಗೆ ರಜೆಯ ಮೇಲೆ ಇಂಗ್ಲೆಂಡಿನಿಂದ ಬಂದಿಳಿದ ಕಿರಿಯ ಮಗನೂ ಸೇರಿ ಆರು ಮಂದಿ. ಊಟದ ಮೇಜಿಗೆ ಆರು ಕುರ್ಚಿಗಳಿವೆ. ಆದರೆ ಮೇಜಿನ ಮೇಲೆ ತಟ್ಟೆಗಳು ಬೀಳುವುದು ಐದೇ. ಆರನೆಯದು, ಎಲ್ಲರ ಊಟವಾದ ಮೇಲೆ, ಅಡಿಗೆಮನೆಯ ಕಟ್ಟೆಯ ಮೇಲೆ ಇಳಿಯುತ್ತದೆ. ಸಾರು ಆರಿರುತ್ತದೆ, ಹಪ್ಪಳ ಮೆತ್ತಗಾಗಿರುತ್ತದೆ. ಇದು ಯಾರೂ ಮಾಡಿದ ಕಟ್ಟಳೆಯಲ್ಲ. ಆದ್ದರಿಂದಲೇ ಯಾರಿಗೂ ಅದನ್ನು ಮುರಿಯುವ ನೆನಪಾಗುವುದಿಲ್ಲ. ಸಹಕಾರದ ತತ್ತ್ವವು ಬಡಾವಣೆಯ ಫಲಕದಿಂದ ಹೊರಟು ಮನೆಯ ಹೊಸಿಲನ್ನು ದಾಟಿ ಬಂದರೂ, ಅಡಿಗೆಮನೆಯ ಬಾಗಿಲಲ್ಲಿ ಚಪ್ಪಲಿ ಕಳಚುತ್ತ ನಿಂತುಬಿಟ್ಟಿತ್ತು.

ಇಂಗ್ಲೆಂಡಿನಿಂದ ಬಂದಾತನಿಗೆ ಮಾತು ಹೆಚ್ಚು. ಒಂದು ರಾತ್ರಿ ಊಟದ ಹೊತ್ತಿಗೆ ಅವನು ತಾನಿರುವ ಹಳ್ಳಿಯ ಹೊಳೆಯ ದಂಡೆಯ ಪಬ್ಬಿನ ವರ್ಣನೆಗೆ ತೊಡಗಿದನು. ಭಾನುವಾರ ಮಧ್ಯಾಹ್ನ ಸಂಸಾರಗಳೆಲ್ಲ ಅಲ್ಲಿಗೇ ಬರುತ್ತವಂತೆ. ಮುದುಕರು ಒಲೆಯ ಪಕ್ಕದಲ್ಲಿ, ಹುಡುಗರು ಹುಲ್ಲಿನ ಮೇಲೆ, ನಾಯಿಗಳು ಮೇಜಿನ ಕೆಳಗೆ. ಹೊಳೆಯಲ್ಲಿ ಬಾತುಕೋಳಿಗಳು, ತಟ್ಟೆಯಲ್ಲಿ ಹುರಿದ ಮಾಂಸ, ಆಲೂಗಡ್ಡೆ. ಬೇಕಾದವರಿಗೆ ಒಂದು ಲೋಟ ಬಿಯರು. ಬೇಡವಾದವರಿಗೆ ನಿಂಬೆಯ ಪಾನಕ. ಹಿಂದೆ ಅಲ್ಲಿಯೂ ಇಷ್ಟು ಸಲಿಗೆ ಇರಲಿಲ್ಲವೆಂಬುದನ್ನೂ ಅವನೇ ಹೇಳಿದನು. ೧೯೦೮ರ ಕಾನೂನಿನಂತೆ ಹದಿನಾಲ್ಕು ವರ್ಷ ತುಂಬದ ಮಕ್ಕಳು ಮದ್ಯ ಮಾರುವ ಕೋಣೆಯೊಳಗೆ ಕಾಲಿಡುವಂತಿರಲಿಲ್ಲ. ತಂದೆತಾಯಿ ಒಳಗೆ, ಮಕ್ಕಳು ಹೊರಗಿನ ತೋಟದಲ್ಲಿ. ೨೦೦೫ರಲ್ಲಿ ಜಾರಿಗೆ ಬಂದ ಹೊಸ ಕಾನೂನು ಹಿರಿಯರ ಜೊತೆಯಲ್ಲಿ ಬಂದ ಮಕ್ಕಳಿಗೆ ಬಾಗಿಲನ್ನು ಇನ್ನಷ್ಟು ಅಗಲವಾಗಿ ತೆರೆಯಿತು. ಹೀಗೆ ಗಂಡಸರ ಅಡ್ಡೆಯಾಗಿದ್ದದ್ದು ಕಾಲಕ್ರಮದಲ್ಲಿ ಸಂಸಾರದ ಊಟದ ಮನೆಯಾಯಿತು.

“ನಾವೂ ಒಂದು ದಿನ ಹಾಗೆ ಹೋಗೋಣ” ಎಂದು ಅವನು ಮುಗಿಸಿದನು.

ಮನೆಯಲ್ಲಿ ಮೌನ ಕವಿಯಿತು. ಮಧ್ಯಮವರ್ಗದ ಮನೆಯಲ್ಲಿ ಕೆಲವು ಪದಗಳನ್ನು ದೊಡ್ಡದಾಗಿ ಉಚ್ಚರಿಸುವುದಿಲ್ಲ. ಪಬ್ಬು ಅವುಗಳಲ್ಲಿ ಒಂದು. ವಿಚಿತ್ರವೇನೆಂದರೆ ಕಾವ್ಯಮೀಮಾಂಸಕರಿಗೆ ಈ ಸಂಕೋಚವಿರಲಿಲ್ಲ. ಮಹಾಕಾವ್ಯದಲ್ಲಿ ಏನೇನು ವರ್ಣನೆಗಳು ಬರಬೇಕೆಂದು ಪಟ್ಟಿ ಕೊಟ್ಟ ದಂಡಿಯು ಉದ್ಯಾನದ ವಿಹಾರ, ನೀರಾಟ, ಮಧುಪಾನ ಇವುಗಳನ್ನು ಒಂದರ ಮಗ್ಗುಲಲ್ಲಿ ಒಂದಾಗಿಯೇ ಇಟ್ಟಿದ್ದಾನೆ. ಅಷ್ಟಾದಶ ವರ್ಣನೆಗಳನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದವರೇ ಮನೆಯಲ್ಲಿ ಆ ಮಾತೆತ್ತಿದರೆ ಕಿವಿ ಮುಚ್ಚಿಕೊಳ್ಳುತ್ತಾರೆ. ಅದಕ್ಕೆ ಕಾರಣವೂ ಉಂಟು. ಕಾವ್ಯದ ಮಧುಪಾನದಲ್ಲಿ ಮರುದಿನ ಬೆಳಗ್ಗೆ ಯಾರ ತಾಳಿಯೂ ಅಡವಿಗೆ ಹೋಗುವುದಿಲ್ಲ. ನಾಡಿನ ಹಳ್ಳಿಹಳ್ಳಿಗಳಲ್ಲಿ ಹೋಗಿದೆ. ೨೦೦೭ರ ಜುಲೈ ೧ರಿಂದ ಕರ್ನಾಟಕದಲ್ಲಿ ಸಾರಾಯಿಯ ಮಾರಾಟ ನಿಂತಾಗ ನಿಟ್ಟುಸಿರು ಬಿಟ್ಟ ಹೆಂಗಸರನ್ನು ನೆನೆದರೆ, ಕಿವಿ ಮುಚ್ಚಿಕೊಳ್ಳುವವರನ್ನು ನಗುವುದು ಸುಲಭವಲ್ಲ.

ಹಿರಿಯ ಮಗನು ತಲೆ ಬಗ್ಗಿಸಿ ಮಜ್ಜಿಗೆಯನ್ನು ಕಲಸುತ್ತಲೇ ಇದ್ದನು. ಅಷ್ಟು ಹೊತ್ತು ಕಲಸಬೇಕಾದ ಅನ್ನವೇನೂ ಅಲ್ಲಿರಲಿಲ್ಲ. ತಿಂಗಳಿಗೆ ನಾಲ್ಕಾರು ಬಾರಿ ಕಚೇರಿಯಲ್ಲಿ ‘ತಡವಾಗುವ’ ಅಭ್ಯಾಸ ಅವನದು. ತಡವಾದ ದಿನ ಬಾಯಲ್ಲಿ ಏಲಕ್ಕಿಯ ಪರಿಮಳದೊಡನೆ ಬರುವುದು ಇನ್ನೊಂದು ಅಭ್ಯಾಸ.

ಅಜ್ಜಿ ಬಹಳ ಹೊತ್ತಿನ ಮೇಲೆ ಒಂದೇ ಒಂದು ಪ್ರಶ್ನೆ ಕೇಳಿದರು: “ಅಲ್ಲಿ ಹೆಂಗಸರಿಗೆ ಯಾರು ಬಡಿಸುತ್ತಾರೆ?”

“ಅಂಗಡಿಯವರೇ ತಂದುಕೊಡುತ್ತಾರಮ್ಮ. ಎಲ್ಲರಿಗೂ ಒಟ್ಟಿಗೇ.”

“ಹಾಗಾದರೆ ಹೋಗೋಣ” ಎಂದರು ಅಜ್ಜಿ. “ಆದರೆ ಹೊಳೆ ನಾನು ಹೇಳಿದ್ದು.”

ಅಜ್ಜಿ ಹೇಳಿದ ಹೊಳೆ ಕಾವೇರಿ, ಊರು ಶ್ರೀರಂಗಪಟ್ಟಣ. ಕಾವೇರಿ ಅಲ್ಲಿ ಎರಡಾಗಿ ಒಡೆದು, ಊರನ್ನು ದ್ವೀಪವಾಗಿ ತಬ್ಬಿಕೊಂಡು, ಮುಂದೆ ಸಂಗಮದಲ್ಲಿ ಮತ್ತೆ ಒಂದಾಗುತ್ತಾಳೆ. ಆ ದ್ವೀಪದೊಳಗಿನ ಗಂಜಾಂ ಅಜ್ಜಿಯ ತವರು. ಮದುವೆಯಾಗಿ ಹೊರಟ ಮೇಲೆ, ಬೆರಳೆಣಿಕೆಯ ಮದುವೆ ಮುಂಜಿಗಳನ್ನು ಬಿಟ್ಟರೆ, ಅವರು ಅತ್ತ ಸುಳಿದವರಲ್ಲ. ಹೋದಾಗಲೂ ರಂಗನಾಥನ ದರ್ಶನ ಮಾಡಿಕೊಂಡು ಬರುತ್ತಿದ್ದರೇ ಹೊರತು ಹೊಳೆಯ ಮೆಟ್ಟಿಲನ್ನು ಇಳಿಯುತ್ತಿರಲಿಲ್ಲ. ಏಕೆಂದು ಯಾರೂ ಕೇಳಿರಲಿಲ್ಲ.

ಸಹಕಾರನಗರದಿಂದ ಶ್ರೀರಂಗಪಟ್ಟಣಕ್ಕೆ ಸುಮಾರು ೧೩೦ ಕಿಲೋಮೀಟರು. ೨೦೨೩ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲೆ ಪ್ರಯಾಣ ಬೇಗ ಮುಗಿಯುತ್ತದೆ. ಆದರೆ ಪ್ರಯಾಣದ ರುಚಿಯೂ ಅಷ್ಟೇ ಬೇಗ ಮುಗಿಯುತ್ತದೆ. ಬಿಡದಿಯ ತಟ್ಟೆ ಇಡ್ಲಿ, ಚನ್ನಪಟ್ಟಣದ ಮರದ ಗೊಂಬೆ, ಮದ್ದೂರಿನ ವಡೆ, ಇವೆಲ್ಲವೂ ಈಗ ಹೆದ್ದಾರಿಯ ಕೆಳಗೆಲ್ಲೋ ಉಳಿದು, ದಾರಿಹೋಕರು ಅವುಗಳ ನೆತ್ತಿಯ ಮೇಲಿಂದ ಹಾದುಹೋಗುತ್ತಾರೆ. ಅಜ್ಜಿ ಹಟ ಹಿಡಿದು ಮದ್ದೂರಿನಲ್ಲಿ ಹೆದ್ದಾರಿಯನ್ನು ಇಳಿಸಿದರು. ವಡೆ ಗರಿಗರಿಯಾಗಿತ್ತು. ಸೊಸೆಗೂ ಗರಿಗರಿಯಾಗಿರುವಾಗಲೇ ಒಂದು ದೊರೆಯಿತು.

ಶ್ರೀರಂಗಪಟ್ಟಣದಲ್ಲಿ ರಾಜ್ಯದ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ‘ಮಯೂರ ರಿವರ್ ವ್ಯೂ’ ಎಂಬ ಹೋಟೆಲು ಕಾವೇರಿಯ ದಂಡೆಯ ಮೇಲೆಯೇ ಇದೆ. ಇಂಗ್ಲೆಂಡಿನ ಹಳ್ಳಿಯ ಪಬ್ಬಿಗೆ ಕನ್ನಡನಾಡಿನ ಉತ್ತರವನ್ನು ಹುಡುಕುವವರು ಬಹಳ ದೂರ ಹೋಗಬೇಕಾಗಿಲ್ಲ. ಇಲ್ಲಿ ಹುರಿದ ಮಾಂಸದ ಬದಲು ಪಲಾವು, ಚಪಾತಿ, ಮೊಸರನ್ನ. ಬಾತುಕೋಳಿಯ ಬದಲು ಬೆಳ್ಳಕ್ಕಿ. ೧೯೪೦ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟು ಸಮೀಪದಲ್ಲಿಯೇ ಇರುವುದರಿಂದ, ಊಟದ ನಡುವೆ ತಲೆಯೆತ್ತಿದವರಿಗೆ ಹೊಳೆಯ ಮೇಲೆ ಕೊಕ್ಕರೆಗಳ ಸಾಲು ಕಂಡರೂ ಕಾಣಬಹುದು. ಈ ಹಕ್ಕಿಗಳಿಗೆ ಆಸರೆ ಕೊಡಬೇಕೆಂದು ಮೈಸೂರಿನ ಅರಸರಿಗೆ ಸೂಚಿಸಿದವರು ಪಕ್ಷಿತಜ್ಞ ಸಲೀಂ ಅಲಿ. ೨೦೨೨ರಲ್ಲಿ ಆ ಎಡೆಗೆ ಲೋಕದ ಮುಖ್ಯ ಜೌಗುನೆಲೆಗಳ ಪಟ್ಟಿಯಲ್ಲಿ ಸ್ಥಾನ ದೊರೆಯಿತು.

ಹೊಳೆಗೆ ಎದುರಾಗಿ ಮರದ ನೆರಳಿನ ಒಂದು ಮೇಜಿನ ಸುತ್ತ ಆರು ಮಂದಿಯೂ ಕುಳಿತರು. ತಟ್ಟೆಗಳು ಬಂದವು. ಅನ್ನದ ಬಟ್ಟಲು ಮೇಜಿಗೆ ತಾಗಿದ ಸದ್ದು ಕೇಳಿದೊಡನೆ ಸೊಸೆ ಎದ್ದು ನಿಂತು, ಸೌಟಿಗೆ ಕೈ ಹಾಕಿದಳು. ಇಪ್ಪತ್ತು ವರ್ಷಗಳ ಅಭ್ಯಾಸ ಕೈಯಲ್ಲಿರುತ್ತದೆ. ಬುದ್ಧಿಯನ್ನು ಕೇಳಿ ಅದು ಏಳುವುದಿಲ್ಲ. ಬಡಿಸುವಾತ ಸಂಕೋಚದಿಂದ, “ಕೂತುಕೊಳ್ಳಿ ತಾಯೀ, ಅದು ನನ್ನ ಕೆಲಸ” ಎಂದನು. ಆಕೆ ನಾಚಿ ಕುಳಿತಳು. ಮಗಳು ನಕ್ಕಳು. ಅಜ್ಜಿ ನಗಲಿಲ್ಲ.

ಕಿರಿಯವನು ತನಗೊಂದು ಬಿಯರು ಹೇಳಿದನು. ಅಣ್ಣನ ಮುಖವನ್ನು ನೋಡಿ, “ನಿನಗೆ?” ಎಂದನು. ಅಣ್ಣನು ತಾಯಿಯ ಎದುರಿಗೆ ಕೆಂಪಾಗಿ, “ಕಾರು ನಡೆಸಬೇಕು” ಎಂದನು. ಅದು ನೆಪವಾಗಿದ್ದರೂ ಒಳ್ಳೆಯ ನೆಪ. ಮೋಟಾರು ವಾಹನಗಳ ಕಾನೂನಿನಂತೆ ಚಾಲಕನ ರಕ್ತದ ನೂರು ಮಿಲಿಲೀಟರಿನಲ್ಲಿ ೩೦ ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿದ್ದರೆ ಅದು ಅಪರಾಧ. ೨೦೧೯ರ ತಿದ್ದುಪಡಿಯ ಮೇಲೆ ಮೊದಲ ತಪ್ಪಿಗೇ ಹತ್ತು ಸಾವಿರ ರೂಪಾಯಿ ದಂಡವೋ, ಆರು ತಿಂಗಳವರೆಗೆ ಸೆರೆಯೋ, ಎರಡೂ ಆಗಬಹುದು. ಹತ್ತೊಂಬತ್ತರ ಹುಡುಗ ಚಿಕ್ಕಪ್ಪನ ಲೋಟವನ್ನು ಕುತೂಹಲದಿಂದ ನೋಡುತ್ತಿದ್ದನು. ಅವನಿಗೂ ಕಾನೂನು ಅಡ್ಡವಾಗಿತ್ತು. ಕರ್ನಾಟಕದ ಅಬಕಾರಿ ನಿಯಮದಂತೆ ಇಪ್ಪತ್ತೊಂದು ತುಂಬದವರಿಗೆ ಮದ್ಯ ಮಾರುವಂತಿಲ್ಲ. ೨೦೨೩ರ ಆರಂಭದಲ್ಲಿ ಅದನ್ನು ಹದಿನೆಂಟಕ್ಕೆ ಇಳಿಸುವ ಕರಡೊಂದು ಹೊರಬಿದ್ದು, ಜನರ ಆಕ್ಷೇಪಣೆಯ ಮೇಲೆ ಹಿಂದಕ್ಕೆ ಸರಿಯಿತು.

ಸೀಸೆಯ ಮುಚ್ಚಳ ತೆರೆದ ಸದ್ದಿಗೆ ಅಜ್ಜಿ ಹೊಳೆಯ ಕಡೆಯಿಂದ ಮುಖ ತಿರುಗಿಸಿದರು.

“ಆಚೆಯ ದಂಡೆಯಲ್ಲಿ ಈಚಲುಮರಗಳಿದ್ದುವು. ಅಲ್ಲೊಂದು ಹೆಂಡದಂಗಡಿ. ನಮ್ಮಪ್ಪ ಸಾಯಂಕಾಲ ಹೊಳೆ ದಾಟಿ ಅಲ್ಲಿಗೆ ಹೋಗುತ್ತಿದ್ದ. ಅವನು ಬಂದು ಉಣ್ಣುವ ತನಕ ಅಮ್ಮ ಉಣ್ಣುವ ಹಾಗಿರಲಿಲ್ಲ. ನಮಗೆಲ್ಲ ಇಕ್ಕಿ, ಅವನ ಪಾಲನ್ನು ಮುಚ್ಚಿಟ್ಟು, ದೀಪದ ಮುಂದೆ ಕೂತಿರುತ್ತಿದ್ದಳು.” ಅಜ್ಜಿ ಒಂದು ಕ್ಷಣ ತಡೆದರು. “ಒಂದು ರಾತ್ರಿ ಬರಲಿಲ್ಲ. ನೀರು ಏರಿತ್ತು, ಅವನಿಗೆ ತಿಳಿಯಲಿಲ್ಲ. ಬೆಳಗ್ಗೆ ಜನ ಕೂಗಿಕೊಂಡು ಬಂದಾಗಲೂ ಅಮ್ಮ ಅಲ್ಲಿಯೇ ಕೂತಿದ್ದಳು. ಉಂಡಿರಲಿಲ್ಲ.”

ಕಿರಿಯ ಮಗನ ಲೋಟ ಮೇಜಿನ ಮೇಲೆಯೇ ಉಳಿಯಿತು. ನಲವತ್ತೈದು ವರ್ಷ ಜೊತೆಗೆ ಬಾಳಿದ ಹಿರಿಯ ಮಗನಿಗೂ ತಾತನು ಹೊಳೆಯ ಪಾಲಾದ ಸಂಗತಿ ಗೊತ್ತಿರಲಿಲ್ಲ. ‘ಜ್ವರ ಬಂದು ಹೋದರು’ ಎಂದು ಕೇಳಿದ್ದನು. ಮಧ್ಯಮವರ್ಗದ ಮನೆಗಳಲ್ಲಿ ಇಂಥ ಜ್ವರದಿಂದ ತೀರಿಕೊಂಡವರು ಅನೇಕರು.

“ತೆಗೆದುಕೊಂಡು ಹೋಗಲಿ ಎನ್ನಲೇ ಅಮ್ಮ?” ಎಂದನು ಕಿರಿಯವನು.

“ಏಕೆ? ದುಡ್ಡು ಕೊಟ್ಟಿದ್ದೀಯಲ್ಲ, ಕುಡಿದು ಮುಗಿಸು” ಎಂದರು ಅಜ್ಜಿ. “ನನಗೆ ಅಪ್ಪನ ಮೇಲೆ ಸಿಟ್ಟಿದ್ದದ್ದು ಹೆಂಡಕ್ಕಲ್ಲ. ಅವನು ಹೊಳೆಯ ಆ ಕಡೆ, ನಾವು ಈ ಕಡೆ. ಅವನ ಸುಖದಲ್ಲಿ ನಾವಿರಲಿಲ್ಲ. ಅಮ್ಮನ ಹಸಿವಿನಲ್ಲಿ ಅವನಿರಲಿಲ್ಲ. ನೀನು ನನ್ನ ಎದುರಿಗೆ ಕುಡಿಯುತ್ತಿದ್ದೀಯೆ. ಎಷ್ಟೆಂದು ನಾನು ಎಣಿಸಬಹುದು. ಒಂದಾಯಿತು. ಎರಡನೆಯದು ಬೇಡ.” ಹೀಗೆಂದು, ಹಿರಿಯ ಮಗನ ಕಡೆಗೆ ನೋಡದೆಯೇ ಸೇರಿಸಿದರು: “ಏಲಕ್ಕಿ ಅಗಿದು ಬಂದರೆ ಏಲಕ್ಕಿಯ ವಾಸನೆಯೂ ತಿಳಿಯುತ್ತದೆ, ಅಗಿದ ಕಾರಣವೂ ತಿಳಿಯುತ್ತದೆ.”

ಹಿರಿಯವನು ಹೆಂಡತಿಯ ಕಡೆಗೆ ನೋಡಿದನು. ಆಕೆಯ ಮುಖದಲ್ಲಿ ಆಶ್ಚರ್ಯದ ಸುಳಿವೇ ಇರಲಿಲ್ಲ. ಅದೇ ಅವನಿಗೆ ಎಲ್ಲಕ್ಕಿಂತ ದೊಡ್ಡ ಆಶ್ಚರ್ಯವಾಯಿತು. ತಡವಾದ ರಾತ್ರಿಗಳಲ್ಲಿ ಮೇಜಿನ ಮೇಲೆ ಮುಚ್ಚಿಟ್ಟಿರುತ್ತಿದ್ದ ತಟ್ಟೆ ಒಂದಲ್ಲ, ಎರಡು ಎಂಬುದು ಈವರೆಗೆ ಅವನ ಲೆಕ್ಕಕ್ಕೆ ಬಂದಿರಲಿಲ್ಲ.

ಪಾನಗೃಹಕ್ಕೆ ಸಂಸಾರ ಬಂದ ಮಾತ್ರಕ್ಕೆ ಅದು ಪುಣ್ಯಕ್ಷೇತ್ರವಾಗುವುದಿಲ್ಲ. ಹೆಂಡತಿ ಮಕ್ಕಳ ಎದುರಿಗೇ ಮಿತಿ ಮೀರುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ನಿಂಬೆಯ ಪಾನಕ ಕುಡಿಯುತ್ತ ಬೆಳೆದ ಮಗು ಲೋಟವನ್ನು ದೊಡ್ಡತನದ ಗುರುತೆಂದು ತಿಳಿದುಕೊಳ್ಳುವ ಅಪಾಯವೂ ಉಂಟು. ಆದರೂ, ಮುಚ್ಚಿದ ಬಾಗಿಲಿನ ಒಳಗೆ ಕುಡಿಯುವವನನ್ನು ಎಣಿಸುವವರು ಯಾರೂ ಇಲ್ಲ. ತೆರೆದ ಮೇಜಿನ ಸುತ್ತ ಆರು ಜೊತೆ ಕಣ್ಣುಗಳಿರುತ್ತವೆ. ಕೊಡಗಿನ ಮದುವೆಮನೆಗಳಲ್ಲಿ ಪಾನವು ಸಭೆಯ ನಡುವೆ, ಹಿರಿಯರ ಕಣ್ಣೆದುರಿಗೆ ನಡೆಯುವಂಥದು. ನಗರದ ಗೃಹಸ್ಥನು ಕುಡಿಯುವುದನ್ನು ಕಲಿತನು. ಕಣ್ಣೆದುರಿಗೆ ಇರುವುದನ್ನು ಕಲಿಯಲಿಲ್ಲ. ಹೊಳೆಯ ದಂಡೆಯ ಊಟದಿಂದ ಲಾಭವಿದ್ದರೆ ಅದು ಬಿಯರಿನದಲ್ಲ, ಮೇಜಿನದು. ಅದು ಕುಡಿಯದವರ ಮನೆಗೂ ಅಷ್ಟೇ ಸಲ್ಲುತ್ತದೆ.

ಊಟವಾದ ಮೇಲೆ ಮಕ್ಕಳು ನೀರಿಗೆ ಇಳಿಯಬೇಕೆಂದರು. ಅಜ್ಜಿ ಒಪ್ಪಲಿಲ್ಲ. ಕಾವೇರಿ ಮೇಲೆ ಶಾಂತಳಾಗಿ ಕಂಡರೂ ಬಂಡೆಗಳ ನಡುವೆ ಮಡುಗಳಿವೆ, ಸುಳಿಗಳಿವೆ. ಕೃಷ್ಣರಾಜಸಾಗರದ ಅಣೆಕಟ್ಟು ಮೇಲುಗಡೆಯಲ್ಲಿಯೇ ಇರುವುದರಿಂದ, ಅಲ್ಲಿ ಬಾಗಿಲು ತೆರೆದರೆ ಇಲ್ಲಿ ಮಳೆಯಿಲ್ಲದಿದ್ದರೂ ನೀರು ಏರುತ್ತದೆ. ಹೊಳೆಯನ್ನು ಕಂಡರಿಯದ ನಗರದ ಮಕ್ಕಳಿಗೆ ಇದು ತಿಳಿಯುವುದಿಲ್ಲ. ತಿಳಿದವರ ಮಾತನ್ನು ಕೇಳುವುದೇ ಅವರಿಗೆ ಈಜು. ಕೊನೆಗೆ ಕಾಲು ತೊಳೆಯುವ ಮೆಟ್ಟಿಲಿನವರೆಗೆ ಅಪ್ಪಣೆಯಾಯಿತು. ಮೊಮ್ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಅಜ್ಜಿಯೂ ಇಳಿದರು. ಅರುವತ್ತು ವರ್ಷಗಳ ಮೇಲೆ ನೀರು ಪಾದವನ್ನು ಮುಟ್ಟಿತು. ಅವರು ತಟ್ಟೆಯಿಂದ ಸೆರಗಿನ ಮರೆಯಲ್ಲಿ ತಂದಿದ್ದ ಒಂದು ತುತ್ತು ಮೊಸರನ್ನವನ್ನು ಹೊಳೆಗೆ ಬಿಟ್ಟರು. ಮೀನುಗಳು ಬಂದವು. ತಂದೆಗೋ, ರಾತ್ರಿಯೆಲ್ಲ ಕಾದಿದ್ದ ತಾಯಿಗೋ, ಬರಿಯ ಮೀನುಗಳಿಗೋ, ಅಜ್ಜಿ ಹೇಳಲಿಲ್ಲ. ಜೊತೆಯಲ್ಲಿದ್ದವರು ಈ ಬಾರಿಯೂ ಕೇಳಲಿಲ್ಲ. ಆದರೆ ಈ ಬಾರಿ ಕೇಳದೆ ಇದ್ದುದು ತಿಳಿದಿದ್ದುದರಿಂದ.

ಅವರು ಸಹಕಾರನಗರವನ್ನು ಸೇರಿದಾಗ ರಾತ್ರಿ ಒಂಬತ್ತು ದಾಟಿತ್ತು. ಬೀದಿಯ ಕೊನೆಯಲ್ಲಿ ಯಾರದೋ ಕಾಂಪೌಂಡಿನ ಮಾವಿನ ಮರ ಹೂಬಿಟ್ಟು, ಬಡಾವಣೆಗೆ ಅದರ ಇನ್ನೊಂದು ಅರ್ಥವನ್ನು ನೆನಪಿಸುತ್ತಿತ್ತು. ಸೊಸೆ ಸೀರೆಯ ಸೆರಗನ್ನು ಸಿಕ್ಕಿಸಿಕೊಂಡು ಎಂದಿನಂತೆ ಅಡಿಗೆಮನೆಗೆ ಹೋದಳು. ಅಲ್ಲಿ ಆಗಲೇ ದೀಪ ಉರಿಯುತ್ತಿತ್ತು. ಹಿರಿಯ ಮಗನು ಒಲೆಯ ಮುಂದೆ ನಿಂತು, ಉಪ್ಪಿಟ್ಟಿಗೆ ಒಗ್ಗರಣೆ ಹಾಕಿ, ಹೊಗೆಯಲ್ಲಿ ಕೆಮ್ಮುತ್ತಿದ್ದನು. ಸಾಸಿವೆ ಸೀದಿತ್ತು. ಉಪ್ಪು ಹೆಚ್ಚಾಗುವ ಲಕ್ಷಣಗಳೂ ಇದ್ದುವು. “ಹೋಗಿ ಕೂತುಕೋ” ಎಂದನು, ತಿರುಗದೆಯೇ.

ಆಕೆ ಏನು ಮಾಡಬೇಕೆಂದು ತಿಳಿಯದೆ ಬಾಗಿಲಲ್ಲಿ ನಿಂತಳು. ಒಳಗಿನಿಂದ ಮೇಜಿನ ಮೇಲೆ ತಟ್ಟೆಗಳನ್ನು ಇಡುವ ಸದ್ದು ಕೇಳಿಸಿತು. ಅದು ಮಕ್ಕಳ ಕೆಲಸ. ಅಜ್ಜಿ ತಮ್ಮ ಕುರ್ಚಿಯಲ್ಲಿ ಕುಳಿತು, ಕನ್ನಡಕವನ್ನು ಸರಿಪಡಿಸಿಕೊಂಡು, ತಟ್ಟೆಗಳನ್ನು ಎಣಿಸಿದರು.

ಆರಿದ್ದವು.